ಟ್ರಾಲಿಯ ಬೆಸುಗೆ ಅದೇ ಜಾಗದಲ್ಲಿ ಬಿರಿಯುತ್ತಿದೆಯೇ? ದುರಸ್ತಿ ಹೀಗೆ ಮಾಡಿಸಿ

ಆಳಂದ, ಭಾಲ್ಕಿ, ಹುಮನಾಬಾದ್ ಕಡೆ ಕಬ್ಬಿನ ಹಂಗಾಮಿಗೆ ಮುನ್ನ ಟ್ರಾಲಿಯನ್ನು ವರ್ಕ್‌ಶಾಪಿಗೆ ತರುವ ಹಲವರ ದೂರು ಒಂದೇ: ಹೋದ ವರ್ಷ ವೆಲ್ಡಿಂಗ್ ಮಾಡಿಸಿದಲ್ಲೇ ಮತ್ತೆ ಬಿರುಕು. ಬಹುಪಾಲು ಸಲ ಹಳೆಯ ಬಿರುಕನ್ನು ತೆಗೆಯದೆ ಅದರ ಮೇಲೆಯೇ ಬೆಸೆದಿರುತ್ತಾರೆ.

ಹೇರು ತುಂಬಿದ ಟ್ರಾಲಿ ಗುಂಡಿಗಿಳಿದು ಏಳುವಾಗಲೆಲ್ಲ, ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಮುಂದಿನ ಉಕ್ಕಿನ ತೊಲೆಯ (ಚಾನೆಲ್) ಬೆಸುಗೆಯಲ್ಲಿ ಒತ್ತಡ ಏರಿಳಿಯುತ್ತದೆ. ಒಂದೇ ಏಟಿಗೆ ಮುರಿಯದ ಉಕ್ಕು ಲಕ್ಷಾಂತರ ಏರಿಳಿತಗಳಿಗೆ ದಣಿಯುತ್ತದೆ. ಬೆಸುಗೆಯ ಅಂಚು ಉಕ್ಕಿನ ಪಟ್ಟಿಯನ್ನು ಕೂಡುವ ಗೆರೆಯಲ್ಲಿ, ಬೆಸೆಯುವಾಗಲೇ ಕಣ್ಣಿಗೆ ಕಾಣದ ಸೀಳುಗಳು ಉಳಿಯುವುದರಿಂದ, ಬಿರುಕು ಸಾಮಾನ್ಯವಾಗಿ ಅಲ್ಲಿಂದಲೇ ಹೊರಡುತ್ತದೆ. ಆದ್ದರಿಂದಲೇ ಹೆಚ್ಚು ಗಟ್ಟಿಯ, ದುಬಾರಿ ಉಕ್ಕು ಹಾಕಿಸಿದರೂ ಬೆಸುಗೆಯ ಬಾಳಿಕೆ ಹೆಚ್ಚುವುದಿಲ್ಲ. ಒತ್ತಡದ ಏರಿಳಿತ ಅರ್ಧಕ್ಕಿಳಿದರೆ ಮಾತ್ರ ಬಾಳಿಕೆ ಸುಮಾರು 8 ಪಟ್ಟಾಗುತ್ತದೆ. ಹೇರು ತಗ್ಗಿಸುವುದೇ ಅಗ್ಗದ ದುರಸ್ತಿ; ಹಂಗಾಮಿನಲ್ಲಿ ಆ ಮಾತನ್ನು ಯಾರೂ ಕೇಳರು, ಅದು ಬೇರೆ.

ಮೊದಲು ಬಿರುಕಿನ ತುದಿ ಎಲ್ಲಿದೆ ಎಂದು ಹುಡುಕಬೇಕು. ಬಣ್ಣ ಸೀಳಿ, ಅದರೊಳಗಿನಿಂದ ಕಂದು ತುಕ್ಕಿನ ಪುಡಿ ಗೆರೆಯಾಗಿ ಜಿನುಗಿದ್ದರೆ ಒಳಗೆ ಬಿರುಕಿದೆ ಎಂದೇ ತಿಳಿಯಿರಿ. ಬಣ್ಣ, ತುಕ್ಕು, ಎಣ್ಣೆ ತೆಗೆದು, ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಡಬ್ಬಿಯಾಗಿ ಸಿಗುವ ಕೆಂಪು ದ್ರವವನ್ನು ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ, ಬಿಳಿ ದ್ರವ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಕಣ್ಣಿಗೆ ಎರಡು ಅಂಗುಲ ಕಂಡದ್ದು ಇಲ್ಲಿ ನಾಲ್ಕಾದರೆ ಅಚ್ಚರಿಪಡಬೇಕಿಲ್ಲ.

ಗೆರೆಯ ಎರಡೂ ತುದಿಗಳಿಗಿಂತ ತುಸು ಮುಂದೆ ರಂಧ್ರ ಕೊರೆಸಿ, ನಡುವಿನ ಬಿರುಕನ್ನು ಗ್ರೈಂಡರಿನಿಂದ 'ವಿ' ಆಕಾರದಲ್ಲಿ ಬುಡದವರೆಗೆ ತೆಗೆಸಿ. ಪುನಃ ಕೆಂಪು ದ್ರವದಿಂದ ಪರೀಕ್ಷಿಸಿದಾಗ ಗೆರೆ ಮೂಡಬಾರದು. ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದೇ. ಬಳಿಕ 7018 ಸಂಖ್ಯೆಯ ವೆಲ್ಡಿಂಗ್ ರಾಡ್ ಬಳಸಿ ಬೆಸೆಯಬೇಕು. ತೆರೆದಿಟ್ಟ ಪೊಟ್ಟಣದ ರಾಡ್ ತೇವ ಹೀರಿರುತ್ತದೆ. 300ರಿಂದ 350 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ ಒಂದೆರಡು ಗಂಟೆ ಒಣಗಿಸಿದ್ದನ್ನೇ ಕೇಳಿ.

ಬೆಸುಗೆಯ ಅಂಚನ್ನು ಪಟ್ಟಿಯೊಳಕ್ಕೆ ಅರ್ಧ ಮಿಲಿಮೀಟರಿನಷ್ಟು ಸವೆಸಿ ನುಣುಪಾಗಿಸಿದರೆ ಹುಟ್ಟುಸೀಳುಗಳು ಹೋಗುತ್ತವೆ. ಉಜ್ಜಿದ ಗೀರುಗಳು ಬೆಸುಗೆಯ ಉದ್ದಕ್ಕೆ ಉಳಿಯದೆ, ಬೆಸುಗೆಯಿಂದ ಪಟ್ಟಿಯ ಕಡೆಗೆ ಅಡ್ಡ ಹಾಯ್ದಿರಬೇಕು. ಕೊನೆಗೆ ಆ ಜಾಗಕ್ಕೆ ಕಡುಬಣ್ಣ ಬೇಡ, ಬಿಳಿ ಹಚ್ಚಿಸಿ. ಮುಂದೆ ತುಕ್ಕಿನ ಗೆರೆ ಮೂಡಿದರೆ ಹೇರು ಕಟ್ಟುವವರ ಕಣ್ಣಿಗೇ ಬೀಳುತ್ತದೆ.