ಕಾರಿನ ಹೊಟ್ಟೆ ರಸ್ತೆಯ ಹಂಪಿಗೆ ತಾಗುತ್ತಾ? ಎತ್ತರಿಸುವ ಮೊದಲು ಇಷ್ಟು ನೋಡಿ

ಸೆಕೆಂಡ್ ಹ್ಯಾಂಡಲ್ಲಿ ಒಂದು ಆಡಿ ಟಿಟಿಯೋ ಬಿಎಂಡಬ್ಲ್ಯು ಜೆಡ್4ಓ ಕೊಂಡಿದ್ದೀರಿ. ಮನೆ ರಸ್ತೆಯ ಹಂಪಿನ ಮೇಲೆ ಅಡಿಯಿಂದ ಕರಕರ ಸದ್ದು ಬಂತು. ಗ್ಯಾರೇಜಿಗೆ ಹೋದರೆ ‘ಸ್ಪೇಸರ್ ಹಾಕೋಣ ಸಾರ್, ಎರಡಿಂಚು ಎತ್ತೋಣ’ ಅಂತಾರೆ. ಸ್ಪೇಸರ್ ಅಂದರೆ ಸ್ಪ್ರಿಂಗಿನ ಜೊತೆ ಸೇರಿಸಿ ಕಾರನ್ನು ಎತ್ತರಿಸುವ ತುಂಡು. ಸ್ವಲ್ಪ ತಡೀರಿ.

ಮೊದಲು ತಾಗುತ್ತಿರುವುದು ಎಲ್ಲಿ ಅಂತ ಗೊತ್ತಾಗಬೇಕು. ಕಾರಿನಡಿಯ ಸೈಲೆನ್ಸರ್ ಪೈಪು, ಅಡ್ಡಪಟ್ಟಿ, ಮುಂದಿನ ಬಂಪರಿನ ತುಟಿ, ಈ ಮೂರಕ್ಕೂ ಸೀಮೆಸುಣ್ಣ ಬಳಿದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ದಿನಾ ತೊಂದರೆ ಕೊಡುವ ಹಂಪನ್ನೇ ನಿಧಾನಕ್ಕೆ ದಾಟಿ. ಸುಣ್ಣ ಎಲ್ಲಿ ಅಳಿಸಿದೆಯೋ ಅದೇ ಜಾಗ. ಬರೀ ಜ್ಯಾಕ್ ನಂಬಿಕೊಂಡು ಕಾರಿನಡಿ ತೂರಬೇಡಿ. ಸ್ಟ್ಯಾಂಡ್ ಕೊಟ್ಟ ಮೇಲೆ ಮಾತ್ರ.

ಈಗ ಒಂದು ಲೆಕ್ಕ. ರಸ್ತೆಗಳ ಅಳತೆ-ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, ಗಾಡಿ ದಾಟುವ ದಿಕ್ಕಿನಲ್ಲಿ 3.7 ಮೀಟರ್ ಅಗಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲಿ ಅಂತ ಮಾಡಿದ ಅಳತೆ ಅದು. ಈ ಪುಟ್ಟ ಕಾರುಗಳಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ ಹೆಚ್ಚುಕಮ್ಮಿ ಎರಡೂವರೆ ಮೀಟರ್. ಹಾಗಾಗಿ ಹಂಪಿನ ನೆತ್ತಿ ಹೊಟ್ಟೆಯಡಿ ಬರುವಾಗ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತವೆ, ಕಾರೂ ಜೊತೆಗೇ ಮೇಲೆದ್ದಿರುತ್ತೆ. ಹೊಟ್ಟೆಯ ಕಡೆಗೆ ಉಬ್ಬಿ ಬರುವುದು ಬರೀ 46 ಮಿ.ಮೀ. ಹೊಟ್ಟೆ ನೆಲದಿಂದ 120 ಮಿ.ಮೀ. ಎತ್ತರದಲ್ಲಿರುವ ಕಾರಾದರೂ ಆರಾಮಾಗಿ ದಾಟುತ್ತೆ. ತೊಂದರೆ ಇರುವುದು ರಾತ್ರೋರಾತ್ರಿ ಎದ್ದು ನಿಲ್ಲುವ ಒಂದು ಮೀಟರ್ ಅಗಲದ ಗಿಡ್ಡ ಗೋಡೆಗಳಲ್ಲಿ. ಅಲ್ಲಿ ಚಕ್ರಗಳೆಲ್ಲ ಆಚೀಚೆ ಸಮತಟ್ಟಲ್ಲಿ ನಿಂತಿರುತ್ತವೆ, ಹಂಪು ಪೂರ್ತಿ ಹೊಟ್ಟೆಗೇ ಬರುತ್ತೆ. ಅಂಥ ಹಂಪು 15 ಸೆಂ.ಮೀ. ಇದ್ದರೆ ನೀವು ಒಂದಿಂಚು ಎತ್ತಿಸಿದರೂ ತಾಗಿಯೇ ತಾಗುತ್ತೆ. ಇದು ಗೊತ್ತಿದ್ದರೆ ಗ್ಯಾರೇಜಲ್ಲಿ ದುಡ್ಡು ಸುರಿಯುವ ಮೊದಲು ಎರಡು ಸಲ ಯೋಚಿಸುತ್ತೀರಿ, ಅಲ್ವಾ?

ಎರಡನೇ ಕೆಲಸ, ಕಳೆದುಹೋದ ಎತ್ತರವನ್ನು ವಾಪಸ್ ತರುವುದು. ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಅಳೆಯಿರಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದರೆ ಸ್ಪ್ರಿಂಗ್ ಕುಸಿದಿರಬಹುದು, ಇಲ್ಲವೇ ಮುರಿದಿರಬಹುದು. ಹಿಂದಿನ ಮಾಲೀಕರು ಶೋಕಿಗೆ ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ್ದಾರಾ ಅಂತಲೂ ನೋಡಿ. ಹಾಗಿದ್ದರೆ ಕಂಪನಿ ಸ್ಪ್ರಿಂಗಿಗೆ ಮರಳಿದರೆ ಸಾಕು, ಅರ್ಧ ಜಗಳ ಮುಗೀತು. ಸೈಲೆನ್ಸರ್ ತೂಗುಹಾಕುವ ರಬ್ಬರ್ ಹಳತಾದರೆ ಪೈಪು ಜೋತುಬೀಳುತ್ತೆ, ಅದನ್ನು ಬದಲಿಸುವುದು ಚಿಲ್ಲರೆ ಖರ್ಚು.

ಆಮೇಲೆ ಟೈರು. 225/45 ಆರ್17 (225 ಅಂದರೆ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ, 45 ಅಂದರೆ ಟೈರಿನ ಪಕ್ಕೆಯ ಎತ್ತರ ಆ ಅಗಲದ ಶೇ 45, 17 ಅಂದರೆ ಇಂಚಿನಲ್ಲಿ ರಿಮ್ಮಿನ ಅಳತೆ) ಇದ್ದ ಕಡೆ 225/50 ಆರ್17 ಹಾಕಿದರೆ ಕಾರು 11 ಮಿ.ಮೀ. ಮೇಲೇಳುತ್ತೆ, ಗುಂಡಿಗೆ ಬಿದ್ದಾಗ ರಿಮ್ಮಿಗೂ ಸ್ವಲ್ಪ ರಕ್ಷಣೆ. ಆದರೆ ಟೈರಿನ ಸುತ್ತಳತೆ ಶೇ 3.5ರಷ್ಟು ಜಾಸ್ತಿಯಾಗುವುದರಿಂದ ಸ್ಪೀಡೋಮೀಟರ್ ಮೊದಲಿಗಿಂತ ಅಷ್ಟು ಕಡಿಮೆ ತೋರಿಸುತ್ತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಚಕ್ರದ ಗೂಡಿನ ಒಳಗಿನ ಲೈನರಿಗೆ ಉಜ್ಜುತ್ತಾ ಅಂತಲೂ ನೋಡಿಕೊಳ್ಳಿ.

ಇಷ್ಟಾದರೂ ಸಾಲದಿದ್ದರೆ ಸ್ಪೇಸರ್. ಇದರಲ್ಲಿ ಎರಡು ಬಗೆ. ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಅಗ್ಗ. ಆದರೆ ಅದು ಸುರುಳಿಯ ಓಡಾಟವನ್ನೇ ಕಟ್ಟಿಹಾಕುತ್ತೆ, ಸವಾರಿ ಗಡುಸಾಗುತ್ತೆ. ನನಗಂತೂ ಇಷ್ಟವಿಲ್ಲ. ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗಿರುವ ಕಂಬ) ಮೇಲ್ತುದಿಯಲ್ಲಿ ಕೂರುವ ಸ್ಪೇಸರ್ ವಾಸಿ. ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಟ್ರಟ್ ಚಕ್ರದ ಪಕ್ಕದಲ್ಲೇ ಜೋಡಿಸಿರುವ ಬಗೆ, ಇರುವ ಕಾರಿನಲ್ಲಿ 15 ಮಿ.ಮೀ. ಸ್ಪೇಸರ್ ಹಾಕಿದರೆ ಹತ್ತಿರಹತ್ತಿರ ಅಷ್ಟೇ ಎತ್ತರ ಸಿಗುತ್ತೆ. ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ಡಬಲ್ ವಿಶ್‌ಬೋನ್ ಆದರೆ ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ ಕೂತಿರುವುದರಿಂದ ಅದೇ ಸ್ಪೇಸರಿಗೆ ಎತ್ತರ ಜಾಸ್ತಿ ಬರುತ್ತೆ. 20–25 ಮಿ.ಮೀ. ದಾಟಬೇಡಿ. ಆಕ್ಸಲ್ ಜಾಯಿಂಟಿನ ಕೋನ ಕೆಡುತ್ತೆ, ಬ್ರೇಕ್ ಹೋಸ್ ಬಿಗಿಯಾಗುತ್ತೆ, ತಿರುವಿನಲ್ಲಿ ಕಾರು ವಾಲುತ್ತೆ. ಹಾಗೆ ವಾಲುವುದಾದರೆ ಸ್ಪೋರ್ಟ್ಸ್ ಕಾರು ಯಾಕೆ ಬೇಕಿತ್ತು, ಆರಾಮಾಗಿ ಎಸ್‌ಯುವಿ ತಗೋಬಹುದಿತ್ತು.

ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ಸರಿಮಾಡಿಸಿ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಿ ಇದೆ, ಇನ್ಶೂರೆನ್ಸಿನವರನ್ನೂ ಮೊದಲೇ ಕೇಳಿಕೊಳ್ಳಿ.

ದುಡ್ಡಿದ್ದವರಿಗೆ ನೋಸ್ ಲಿಫ್ಟ್ ಇದೆ. ಪೋರ್ಷೆ 911ರಲ್ಲಿ ಕಂಪನಿಯೇ ಕೊಡುವ ಇಂಥ ವ್ಯವಸ್ಥೆ ಗುಂಡಿ ಒತ್ತಿದರೆ ಮೂತಿಯನ್ನು ಸುಮಾರು 40 ಮಿ.ಮೀ. ಎತ್ತುತ್ತೆ. ಬೇಸ್‌ಮೆಂಟ್ ಪಾರ್ಕಿಂಗಿನ ಇಳಿಜಾರಿಗೆ ಇದು ಚೆನ್ನ. ಆದರೆ ನಡುಹೊಟ್ಟೆಗೆ ಅಷ್ಟೇನೂ ಲಾಭವಿಲ್ಲ, ಏಳುವುದು ಮುಂದಿನ ಭಾಗ ಮಾತ್ರ.

ಇದೆಲ್ಲಕ್ಕಿಂತ ಮೊದಲು, ಖರ್ಚಿಲ್ಲದ್ದನ್ನು ಇವತ್ತೇ ಮಾಡಿ ನೋಡಿ. ಬ್ರೇಕ್ ಒತ್ತಿದಾಗ ಕಾರಿನ ಮೂತಿ ತಗ್ಗುತ್ತೆ. ಹಾಗಾಗಿ ಹಂಪಿಗೆ ಮೊದಲೇ ವೇಗ ಇಳಿಸಿ, ಮುಂದಿನ ಚಕ್ರ ಹತ್ತುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆಯಿರಿ. ಕಿರಿದಾದ ಹಂಪಿದ್ದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ ದಾಟಿ. ಓರೆ ಮಾಡುವ ಮೊದಲು ಎಡಗನ್ನಡಿ ನೋಡಿ. ಸಿಕ್ಕ ಸಂದಿಯಲ್ಲಿ ಸ್ಕೂಟರೊಂದು ನುಗ್ಗಿ ಬರುತ್ತಿರುತ್ತೆ.