ಫೈಲಿನ ನಡುವೆ ಬಣ್ಣ ಕೆಟ್ಟರೆ ಎಲ್ಲಿ ನೋಡಬೇಕು

ಕೋಡ್ ಬರೆಯುವ ಎಡಿಟರ್ ಕೋಡನ್ನು ಒಂದು ಬಣ್ಣದಲ್ಲಿ, ಸ್ಟ್ರಿಂಗ್ ಅನ್ನು (ಕೋಟ್‌ಗಳ ನಡುವಿನ ಪಠ್ಯ) ಇನ್ನೊಂದು ಬಣ್ಣದಲ್ಲಿ ತೋರಿಸುತ್ತದೆ. ದೊಡ್ಡ ಫೈಲಿನಲ್ಲಿ ಈ ಬಣ್ಣ ಕೆಲವೊಮ್ಮೆ ತಪ್ಪುತ್ತದೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಬರೆದ ಪೈಥಾನ್ ಫೈಲ್ ಎಂದಿಟ್ಟುಕೊಳ್ಳಿ. ಪಾರ್ಚ್‌ಮೆಂಟ್, ಚೆರ್ರಿ ಕಾಫಿಯ ಲೆಕ್ಕ, ತೋಟವಾರು ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಕಾಳಿನ ಪ್ರಮಾಣ) ಎಲ್ಲ ಅದರಲ್ಲೇ, 6,000 ಸಾಲು. 2,100ನೇ ಸಾಲಿನಲ್ಲಿ ಟ್ರಿಪಲ್ ಕೋಟ್ (ಸಾಲಾಗಿ ಮೂರು ಉದ್ಧರಣ ಚಿಹ್ನೆ) ಹಾಕಿ ಶುರುವಾದ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕೊಡುವ ಆಜ್ಞೆ) 2,190ಕ್ಕೆ ಮುಗಿಯುತ್ತದೆ. ಫೈಲ್ ತೆರೆದೊಡನೆ 2,150ಕ್ಕೆ ಹಾರಿದಿರಿ. ಮೇಲಿನದನ್ನು ಇನ್ನೂ ಓದಿರದ ಎಡಿಟರ್ 2,190ರ ಕೋಟ್ ಅನ್ನೇ ಆರಂಭ ಎಂದುಕೊಂಡರೆ, ಎಸ್‌ಕ್ಯೂಎಲ್ ಕೋಡಿನಂತೆಯೂ ಅದರ ಕೆಳಗಿನ ಕೋಡ್ ಸ್ಟ್ರಿಂಗ್‌ನಂತೆಯೂ ಕಾಣುತ್ತದೆ. ಪೈಥಾನ್‌ನಲ್ಲಿ ತೆರೆಯುವ, ಮುಚ್ಚುವ ಗುರುತು ಒಂದೇ ಆಗಿರುವುದೇ ಈ ತಾಪತ್ರಯಕ್ಕೆ ಕಾರಣ.

ಮೊದಲು ತಪ್ಪು ಯಾರದು ಎಂದು ತಿಳಿಯಿರಿ. ವಿಎಸ್ ಕೋಡ್ ಎಡಿಟರ್‌ನಲ್ಲಾದರೆ ಕೆಲವು ಸೆಕೆಂಡ್ ಕಾಯಿರಿ. ವಿಮ್ ಎಡಿಟರ್‌ನಲ್ಲಾದರೆ ಕೋಲನ್ ಒತ್ತಿ, ಫೈಲನ್ನು ಮೊದಲಿಂದ ಓದಿಸುವ ‘ಸಿಂಟ್ಯಾಕ್ಸ್ ಸಿಂಕ್ ಫ್ರಮ್‌ಸ್ಟಾರ್ಟ್’ ಆಜ್ಞೆ ಕೊಡಿ. ಬಣ್ಣ ಸರಿಯಾದರೆ ಎಡಿಟರ್ ತಪ್ಪಾಗಿ ಊಹಿಸಿತ್ತು ಅಷ್ಟೇ. ಆಗದಿದ್ದರೆ ಹೆಚ್ಚಾಗಿ ಮುಚ್ಚದ ಕೋಟ್ ಎಲ್ಲೋ ಮೇಲಿದೆ. ಫೈಲಿನ ಮೊದಲಿಂದ ಇಳಿಯುತ್ತ ಬಣ್ಣ ತಿರುಗಿದ ಮೊದಲ ಸಾಲನ್ನು ಹುಡುಕಿ.

ವಿಎಸ್ ಕೋಡ್ ಮೇಲಿನಿಂದ ಸಾಲು ಸಾಲಾಗಿ ಓದಿ, ಪ್ರತಿ ಸಾಲಿನ ಕೊನೆಯ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತದೆ. ಇನ್ನೂ ಓದದ ಜಾಗಕ್ಕೆ ನೀವು ಹಾರಿದರೆ, ಕಾಣುವ ಮೊದಲ ಸಾಲಿಗಿಂತ ಕಡಿಮೆ ಇಂಡೆಂಟ್ (ಸಾಲಿನ ಆರಂಭದಲ್ಲಿ ಬಿಟ್ಟ ಜಾಗ) ಇರುವ ಮೇಲಿನ ಸಾಲುಗಳನ್ನು ಹೆಕ್ಕಿ ಅವುಗಳಿಂದ ಸ್ಥಿತಿಯನ್ನು ಊಹಿಸುತ್ತದೆ. ಆದ್ದರಿಂದ ಎಸ್‌ಕ್ಯೂಎಲ್ ಸಾಲುಗಳನ್ನು ಟ್ರಿಪಲ್ ಕೋಟ್ ಇರುವ ಸಾಲಿಗಿಂತ 4 ಸ್ಪೇಸ್ ಒಳಗೆ ಬರೆಯಿರಿ, ಊಹೆ ಹೆಚ್ಚಾಗಿ ಸರಿಯಾಗುತ್ತದೆ. ಎಡ ಅಂಚಿಗೆ ಅಂಟಿಸಿದರೆ ಹೆಕ್ಕಲು ಸಾಲೇ ಸಿಗುವುದಿಲ್ಲ. (ಎಸ್‌ಕ್ಯೂಎಲ್‌ಗೆ ಹೆಚ್ಚಿನ ಸ್ಪೇಸ್‌ನಿಂದ ತೊಂದರೆಯಿಲ್ಲ, ಅಚ್ಚಾಗುವ ಪಠ್ಯವಾದರೆ ಆ ಸ್ಪೇಸ್ ತೆಗೆಯುವ ಪೈಥಾನ್‌ನ ‘ಡಿಡೆಂಟ್’ ಬಳಸಿ.) ಫೈಲ್ 20 ಎಂಬಿ ಅಥವಾ 3 ಲಕ್ಷ ಸಾಲು ದಾಟಿದರೆ ಬಣ್ಣವೇ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಲಾರ್ಜ್ ಫೈಲ್ ಆಪ್ಟಿಮೈಸೇಶನ್ಸ್’ ಆಫ್ ಮಾಡಬಹುದು, ಆದರೆ ಹಳೆಯ ಕಂಪ್ಯೂಟರ್ ಆದರೆ ಫೈಲ್ ಒಡೆಯುವುದೇ ಮೇಲು.

ವಿಮ್‌ನ ದಾರಿ ಬೇರೆ. ಪೈಥಾನ್‌ನಲ್ಲಿ ಅದು ಹಿಂದಕ್ಕೆ ಹೋಗುತ್ತ, ಎಡ ಅಂಚಿನಿಂದ ಶುರುವಾಗುವ ‘ಡೆಫ್’ (ಫಂಕ್ಷನ್‌ನ ಆರಂಭ) ಅಥವಾ ‘ಕ್ಲಾಸ್’ ಸಾಲು ಸಿಕ್ಕಲ್ಲಿಂದ ಓದುತ್ತದೆ. ಮೇಲಿನ ಎಸ್‌ಕ್ಯೂಎಲ್‌ನಲ್ಲಿ ಅದು ಸಾಮಾನ್ಯವಾಗಿ ಎಡವುವುದಿಲ್ಲ. ಎಡವುವುದು ಸ್ಟ್ರಿಂಗ್ ಒಳಗೆ ಮಾದರಿ ಕೋಡ್ ಇಟ್ಟು ಅದರ ‘ಡೆಫ್’ ಎಡ ಅಂಚಿನಲ್ಲಿದ್ದಾಗ. ಫ್ರಮ್‌ಸ್ಟಾರ್ಟ್ ಇದಕ್ಕೆ ಮದ್ದು. ಅದರಿಂದ ಸ್ಕ್ರೋಲ್ ನಿಧಾನವಾದರೆ, ಕನಿಷ್ಠ ಎಷ್ಟು ಸಾಲು ಹಿಂದಿನಿಂದ ಓದಬೇಕೆಂದು ಹೇಳುವ ‘ಮಿನ್‌ಲೈನ್ಸ್’ಗೆ 300 ಕೊಟ್ಟು ನೋಡಿ. ಆ ಸಂಖ್ಯೆ ನಿಮ್ಮ ಅತಿ ಉದ್ದದ ಸ್ಟ್ರಿಂಗ್‌ಗಿಂತ ದೊಡ್ಡದಿರಲಿ.

ಟ್ರೀ-ಸಿಟ್ಟರ್ (ಕೋಡಿನ ರಚನೆಯನ್ನು ಓದುವ ಸಾಧನ) ಬಳಸುವ ನಿಯೋವಿಮ್, ಈಮ್ಯಾಕ್ಸ್ 29 ಎಡಿಟರ್‌ಗಳಲ್ಲಿ ಈ ಕಾಟ ಕಡಿಮೆ: ಪೂರ್ತಿ ಫೈಲಿನ ರಚನೆಯ ಮರ ಕಟ್ಟಿಕೊಂಡು, ತಿದ್ದಿದ ಭಾಗವನ್ನಷ್ಟೇ ಮತ್ತೆ ಓದಿ, ಕಾಣುವುದಕ್ಕೆ ಮಾತ್ರ ಬಣ್ಣ ಹಚ್ಚುತ್ತದೆ.

ಒಂದೇ ಸಾಲಿನ ಜೇಸನ್ (ಡೇಟಾ ಇಡುವ ಒಂದು ಪಠ್ಯ ರೂಪ) ಫೈಲ್‌ಗಳದು ಇನ್ನೊಂದು ರಗಳೆ. ವಿಎಸ್ ಕೋಡ್ 20,000 ಅಕ್ಷರ ಮೀರಿದ ಸಾಲನ್ನು ಬಣ್ಣವಿಲ್ಲದೆ ಬಿಡುತ್ತದೆ. ವಿಮ್‌ನ ‘ಸಿನ್‌ಮ್ಯಾಕ್ಸ್‌ಕಾಲ್’ ಮಿತಿ 3,000, ಅದೂ ಬೈಟ್ ಲೆಕ್ಕ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮ) ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಒತ್ತು, ಗುಣಿತದ ಚಿಹ್ನೆಗಳೂ ಬೇರೆ ಬೇರೆ ಎಣಿಕೆ. ತೋಟಗಳ ಹೆಸರು ಕನ್ನಡದಲ್ಲಿದ್ದರೆ ಬಣ್ಣ ಬೇಗ ನಿಲ್ಲುವುದು ಅದಕ್ಕೇ. ಮಿತಿ ಏರಿಸುವ ಬದಲು ಜೇಸನ್ ಫಾರ್ಮ್ಯಾಟ್ ಮಾಡಿ ಸಾಲುಗಳಾಗಿ ಒಡೆಯಿರಿ.