ಸೆರೆಯಲ್ಲಿರುವ ಒಬ್ಬರ ಹೆಸರು ಹಿಡಿದು ಪ್ರಾರ್ಥಿಸುವುದು ಹೇಗೆ

“ನಿನ್ನ ನಾಮದ ನಿಮಿತ್ತ ಸೆರೆಮನೆಯಲ್ಲಿರುವ ಎಲ್ಲರನ್ನೂ ಕಾಪಾಡು ಕರ್ತನೇ” ಎಂದು ಒಂದೇ ಉಸಿರಿಗೆ ಹೇಳಿ ಮುಂದಿನ ಬಿನ್ನಹಕ್ಕೆ ಹೋಗುವುದು ನಮ್ಮ ಸಭೆಗಳಲ್ಲಿ ರೂಢಿ. ಹಾಸನದ ನಮ್ಮ ಮನೆಯಲ್ಲಿ ಬುಧವಾರ ಸಂಜೆ ಸೇರುವ ಹೆಂಗಸರ ಪ್ರಾರ್ಥನಾ ಕೂಟದಲ್ಲಿ ನಾವು ಹಾಗೆ ಮಾಡುವುದಿಲ್ಲ. ಒಂದು ಸಲಕ್ಕೆ ಒಬ್ಬರನ್ನೇ ತೆಗೆದುಕೊಳ್ಳುತ್ತೇವೆ. ಅವರ ಹೆಸರೇನು, ಯಾವ ಊರು, ಏನು ಆರೋಪ ಹೊರಿಸಿದ್ದಾರೆ, ಮನೆಯಲ್ಲಿ ಯಾರಿದ್ದಾರೆ, ಮೈಗೆ ಹುಷಾರಿದೆಯೇ ಎಂದು ತಿಳಿದುಕೊಂಡು, ತಿಳಿದಷ್ಟನ್ನೂ ದೇವರ ಮುಂದೆ ಇಡುತ್ತೇವೆ. ದೇವರಿಗೆ ಗೊತ್ತಿಲ್ಲವೆಂದಲ್ಲ, ನಮಗೆ ಗೊತ್ತಿರಬೇಕು. ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯ ಸೆರೆಯವರನ್ನು ನೆನೆಯಿರಿ ಎಂದಷ್ಟೇ ಹೇಳಿ ನಿಲ್ಲುವುದಿಲ್ಲ, ಅವರ ಜೊತೆ ನೀವೂ ಸೆರೆಯಲ್ಲಿದ್ದೀರಿ ಎಂಬಂತೆ ನೆನೆಯಿರಿ ಎನ್ನುತ್ತದೆ. ಜೊತೆಯಲ್ಲಿರುವವಳಿಗೆ ಪಕ್ಕದವಳ ಕೆಮ್ಮು ಕೇಳಿಸುತ್ತದೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಜೈಲಿನಿಂದ ಕೈದಿಗಳನ್ನು ಪೊಲೀಸರು ವಾರ್ಡಿಗೆ ಕರೆತರುತ್ತಿದ್ದರು. ಅವರಲ್ಲಿ ಯಾರೂ ನಂಬಿಕೆಯ ಕಾರಣಕ್ಕೆ ಒಳಗೆ ಹೋದವರಲ್ಲ, ಹೊಡೆದಾಟ, ಕಳ್ಳತನ, ಜಮೀನಿನ ಜಗಳ ಇಂಥವೇ. ಆದರೆ ಸೆರೆಮನೆ ಮೈಗೆ ಏನು ಮಾಡುತ್ತದೆ ಎಂದು ನಾನು ಕಲಿತದ್ದು ಅವರಿಂದ. ಬೆರಳ ಸಂದಿಯ ಕಜ್ಜಿ, ಹುಳುಕು ಹಲ್ಲು, ನಿದ್ದೆ ಕಾಣದ ಕಣ್ಣು, ತಿಂಗಳುಗಟ್ಟಲೆ ಬಿಡದ ಕೆಮ್ಮು. ಕನ್ನಡಕ ಒಡೆದು ಹಾಗೇ ದಿನ ತಳ್ಳುತ್ತಿದ್ದವರು. ಮುಟ್ಟಿನ ಬಟ್ಟೆ ಕೇಳಲು ಸಂಕೋಚಪಟ್ಟು ಸೋಂಕು ತಂದುಕೊಂಡವರು. ಒಬ್ಬ ಹೆಂಗಸಿಗೆ ಡ್ರಿಪ್ ಹಾಕುತ್ತಿದ್ದಾಗ ಅವಳು ತನ್ನ ಕೇಸಿನ ಮಾತೇ ಎತ್ತಲಿಲ್ಲ. “ನನ್ ಮಗು ಈಗ ಯಾರ್ ಪಕ್ಕ ಮಲಗ್ತದೋ ಸಿಸ್ಟರ್” ಅಂದಳು. ಅದಕ್ಕೇ ಯಾರಿಗಾಗಿ ಪ್ರಾರ್ಥಿಸಲು ಕೂತರೂ ನಾನು ಮೊದಲು ಮೈಯಿಂದ ಶುರುಮಾಡುತ್ತೇನೆ. ಚರ್ಮ, ಹಲ್ಲು, ಕಣ್ಣು, ಮಂಡಿ, ಹೊಟ್ಟೆ, ನಿದ್ದೆ. ನೀವೂ ಹಾಗೇ ಮಾಡಿ. ಇದು ಸಣ್ಣ ವಿಷಯ ಅನ್ನಿಸಿದರೆ, ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆ ಓದಿ. ಸೆರೆಯಲ್ಲಿದ್ದು, ಸಾವು ಹತ್ತಿರವಾಗಿದೆ ಎಂದು ಬಲ್ಲ ಅಪೊಸ್ತಲ ಪೌಲ, ತ್ರೋವ ಪಟ್ಟಣದಲ್ಲಿ ಬಿಟ್ಟುಬಂದ ತನ್ನ ಮೇಲಂಗಿಯನ್ನೂ ಪುಸ್ತಕಗಳನ್ನೂ ತಂದುಕೊಡು, ಚಳಿಗಾಲಕ್ಕೆ ಮೊದಲೇ ಬಾ ಎಂದು ಕೇಳಿದ್ದಾನೆ.

ಎರಿಟ್ರಿಯಾ ದೇಶದಲ್ಲಿ 2002ರಲ್ಲಿ ಸರ್ಕಾರವು ಆರ್ಥೊಡಾಕ್ಸ್, ಕ್ಯಾಥೊಲಿಕ್, ಲುಥೆರನ್ ಸಭೆಗಳನ್ನು ಬಿಟ್ಟು ಉಳಿದ ಕ್ರೈಸ್ತ ಸಭೆಗಳನ್ನೆಲ್ಲ ಮುಚ್ಚಿಸಿತು. ಆಮೇಲೆ ಹಿಡಿದವರಲ್ಲಿ ಎಷ್ಟೋ ಜನರನ್ನು ಹಡಗಿನಲ್ಲಿ ಸರಕು ಸಾಗಿಸುವ ಕಬ್ಬಿಣದ ಕಂಟೇನರುಗಳಲ್ಲಿ ಕೂಡಿಹಾಕಿದರು. ಹಗಲು ಬಿಸಿಲಿಗೆ ಕಾದ ಕಬ್ಬಿಣ, ರಾತ್ರಿ ಕೊರೆಯುವ ಕಬ್ಬಿಣ. ಸುವಾರ್ತಾ ಗಾಯಕಿ ಹೆಲೆನ್ ಬೆರ್ಹಾನೆ 2004ರಿಂದ 2006ರವರೆಗೆ ಸೆರೆಯಲ್ಲಿದ್ದರು, ಇಂಥ ಕಂಟೇನರಿನಲ್ಲಿ ದಿನ ಕಳೆದರು. ಅಲ್ಲೂ ಹಾಡುವುದನ್ನು ಬಿಡಲಿಲ್ಲ. ಹೊರಗೆ ಬಂದಾಗ ಕಾಲೂರಲು ಆಗದೆ ಗಾಲಿಕುರ್ಚಿ ಬೇಕಾಯಿತು. ಇದು ಗೊತ್ತಾದ ಮೇಲೆ “ಎರಿಟ್ರಿಯಾದವರನ್ನು ಆಶೀರ್ವದಿಸು” ಎಂದಷ್ಟೇ ಹೇಳಿ ಏಳಲು ನನಗೆ ಮನಸ್ಸು ಬರುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಒಂದಿಷ್ಟು ಗಾಳಿ ಒಳಗೆ ಬರಲಿ, ಕುಡಿಯುವ ನೀರು ಶುದ್ಧವಾಗಿರಲಿ, ಕಾಲು ಬಾತುಕೊಳ್ಳದಿರಲಿ, ಹಾಡುವ ಗಂಟಲು ಉಳಿಯಲಿ ಎಂದು ಕೇಳುತ್ತೇನೆ.

ಯಾರನ್ನು ಆರಿಸಬೇಕು? ಫೋನಿಗೆ ಬಂದ ಸಂದೇಶವನ್ನು ಹಾಗೇ ಕೂಟಕ್ಕೆ ತರಬೇಡಿ. “ಅಫ್ಘಾನಿಸ್ತಾನದಲ್ಲಿ 22 ಮಿಷನರಿಗಳಿಗೆ ನಾಳೆ ಮರಣದಂಡನೆ, ತಕ್ಷಣ ಎಲ್ಲರಿಗೂ ಕಳಿಸಿ” ಎನ್ನುವುದು ವರ್ಷಗಳಿಂದ ಸುತ್ತುತ್ತಿರುವ ಸುಳ್ಳು. 2007ರ ಜುಲೈಯಲ್ಲಿ ದಕ್ಷಿಣ ಕೊರಿಯಾದ 23 ಕ್ರೈಸ್ತ ಸ್ವಯಂಸೇವಕರನ್ನು ತಾಲಿಬಾನ್ ಅಲ್ಲಿ ಅಪಹರಿಸಿದ್ದು ನಿಜ. ಇಬ್ಬರನ್ನು ಕೊಂದರು, ಉಳಿದವರು ಆಗಸ್ಟ್ ಮುಗಿಯುವುದರೊಳಗೆ ಬಿಡುಗಡೆಯಾದರು. ಸುಳ್ಳು ಸಂದೇಶದ ‘ನಾಳೆ’ ಮಾತ್ರ ಎಂದಿಗೂ ಬರುವುದಿಲ್ಲ. ಹಿಡಿದ ದಿನಾಂಕ, ಊರು, ನ್ಯಾಯಾಲಯ, ಆರೋಪ ಇವು ಇವೆಯೇ ನೋಡಿ. ಒಂದನ್ನೊಂದು ನಕಲು ಮಾಡದ ಎರಡು ಕಡೆ ಅದೇ ಸುದ್ದಿ ಇದ್ದರೆ ತೆಗೆದುಕೊಳ್ಳಿ. ದೇವರ ಮುಂದೆ ಸತ್ಯವನ್ನೇ ಹೇಳಬೇಕು, ಭಕ್ತಿಯ ಹೆಸರಿನಲ್ಲಿ ಕೂಡ ಸುಳ್ಳು ಬೇಡ. ಇನ್ನೊಂದು ಮಾತು: ಹೆಸರು ಈಗಾಗಲೇ ಜಗತ್ತಿಗೆ ಗೊತ್ತಿರುವವರದ್ದನ್ನು ಮಾತ್ರ ಗಟ್ಟಿಯಾಗಿ ಹೇಳಿ. ಗುಟ್ಟಾಗಿ ಆರಾಧಿಸುವವರ ಫೋಟೊ, ಮಕ್ಕಳ ಹೆಸರು ನಿಮ್ಮ ಕೈಗೆ ಬಂದರೆ ಯಾರಿಗೂ ಕಳಿಸದೆ ಅಳಿಸಿಬಿಡಿ. ನಿಮ್ಮ ಕಳಕಳಿಯಿಂದಲೇ ಅವರು ಸಿಕ್ಕಿಬೀಳಬಹುದು.

ಆರೋಪ ಏನೆಂದು ಓದುವುದು ಬಹಳ ಮುಖ್ಯ. “ಯೇಸುವನ್ನು ನಂಬಿದ್ದಕ್ಕೆ ಶಿಕ್ಷೆ” ಎಂದು ಯಾವ ನ್ಯಾಯಾಲಯವೂ ಸುಲಭಕ್ಕೆ ಬರೆಯುವುದಿಲ್ಲ. ಚೀನಾದ ಚೆಂಗ್ಡು ನಗರದ ಸಭಾಪಾಲಕ ವಾಂಗ್ ಯಿ ಅವರನ್ನು 2018ರ ಡಿಸೆಂಬರ್ 9ರಂದು ಹಿಡಿದರು. ಮುಂದಿನ ವರ್ಷ ಡಿಸೆಂಬರ್ 30ರಂದು ಒಂಬತ್ತು ವರ್ಷಗಳ ಶಿಕ್ಷೆಯಾಯಿತು. ಆರೋಪ ಎರಡು: ರಾಜ್ಯದ ಅಧಿಕಾರವನ್ನು ಉರುಳಿಸಲು ಪ್ರಚೋದನೆ, ಕಾನೂನುಬಾಹಿರ ವ್ಯಾಪಾರ. ಹೀಗಿರುವಾಗ ಅವರಿಗಾಗಿ ಏನು ಕೇಳಬೇಕು? ದ್ರೋಹಿ ಎಂಬ ಹೆಸರನ್ನು ಹೊತ್ತ ಮನುಷ್ಯನ ಮನಸ್ಸು ಕಹಿಯಾಗದಿರಲಿ, ಹೆಂಡತಿ ಮತ್ತು ಮಗ ಬೀದಿಯಲ್ಲಿ ತಲೆಯೆತ್ತಿ ನಡೆಯಲಿ, ಸಭೆಯವರು ಚದುರಿದಲ್ಲೇ ಒಬ್ಬರನ್ನೊಬ್ಬರು ಹುಡುಕಿಕೊಳ್ಳಲಿ ಎಂದು ನಾವು ಕೇಳುತ್ತೇವೆ.

ಆಸಿಯಾ ಬೀಬಿಯ ಕಥೆಯನ್ನು ನಮ್ಮ ಕೂಟದಲ್ಲಿ ವಿವರಿಸಿ ಹೇಳಬೇಕಾಗಿ ಬರಲಿಲ್ಲ. 2009ರ ಜೂನ್‌ನಲ್ಲಿ ಪಾಕಿಸ್ತಾನದ ಪಂಜಾಬಿನ ಒಂದು ಹಳ್ಳಿಯ ತೋಟದಲ್ಲಿ ಈಕೆ ಬೇರೆ ಹೆಂಗಸರ ಜೊತೆ ಫಾಲ್ಸಾ ಹಣ್ಣು ಬಿಡಿಸುತ್ತಿದ್ದರು. ನೀರು ತಂದರು, ತಾವೂ ಕುಡಿದರು, ಕ್ರೈಸ್ತಳು ಮುಟ್ಟಿದ ನೀರು ಬೇಡ ಎಂದು ಜಗಳವಾಯಿತು. ಅದು ಬೆಳೆದು ಧರ್ಮನಿಂದೆಯ ಆರೋಪವಾಗಿ 2010ರಲ್ಲಿ ಮರಣದಂಡನೆಯ ತೀರ್ಪಾಯಿತು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಫಿ ಹಣ್ಣು ಬಿಡಿಸಿ ಬೆಳೆದ ಹೆಂಗಸರು ನಮ್ಮಲ್ಲಿದ್ದಾರೆ. ಯಾರ ಲೋಟದಲ್ಲಿ ಯಾರು ಕುಡಿಯಬೇಕು ಎಂಬ ಜಗಳ ಅವರಿಗೆ ಹೊಸದಲ್ಲ. ಅವತ್ತು ಅವರೇ ಮೊದಲು ಬಾಯಿಬಿಟ್ಟು ಪ್ರಾರ್ಥಿಸಿದರು. ನಿಮ್ಮ ಬದುಕು ಎಲ್ಲಿ ಆ ಕೈದಿಯ ಬದುಕಿಗೆ ತಾಗುತ್ತದೋ ಅಲ್ಲಿಂದ ಶುರುಮಾಡಿ. ಮಾತು ತಾನಾಗಿ ಬರುತ್ತದೆ.

ಆಕೆಯ ಕೇಸು ಇನ್ನೊಂದನ್ನೂ ಕಲಿಸಿತು. ಆಕೆಯ ಪರ ನಿಂತ ಪಂಜಾಬಿನ ಗವರ್ನರ್ ಸಲ್ಮಾನ್ ತಾಸೀರ್ ಅವರನ್ನು 2011ರ ಜನವರಿಯಲ್ಲಿ ಕೊಂದರು. ಕ್ರೈಸ್ತ ಮಂತ್ರಿ ಶಹಬಾಜ್ ಭಟ್ಟಿ ಅವರನ್ನು ಅದೇ ವರ್ಷ ಮಾರ್ಚ್‌ನಲ್ಲಿ ಕೊಂದರು. ಕೊನೆಗೆ 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಆಕೆಯನ್ನು ನಿರ್ದೋಷಿ ಎಂದಿತು. ತಾಸೀರ್ ಮುಸ್ಲಿಮರು, ವಾದಿಸಿದ ವಕೀಲರು ಮುಸ್ಲಿಮರು, ತೀರ್ಪು ಬರೆದ ನ್ಯಾಯಮೂರ್ತಿಗಳೂ ಮುಸ್ಲಿಮರು. ಆದ್ದರಿಂದ ಪ್ರಾರ್ಥನೆಯಲ್ಲಿ ಯಾವ ಧರ್ಮದವರನ್ನೂ ಬೈಯಬೇಡಿ. ಕೂಟದಲ್ಲಿ ಯಾರಾದರೂ ಆ ದಾರಿ ಹಿಡಿದರೆ ನಾನು ಮೆಲ್ಲಗೆ ಒಂದು ಕೀರ್ತನೆ ಎತ್ತಿಕೊಳ್ಳುತ್ತೇನೆ, ಎಲ್ಲರೂ ಸೇರಿ ಹಾಡುತ್ತಾರೆ. ವಕೀಲರಿಗಾಗಿ, ನ್ಯಾಯಾಧೀಶರಿಗಾಗಿ, ಕಾವಲುಗಾರರಿಗಾಗಿ ಹೆಸರು ಗೊತ್ತಿಲ್ಲದಿದ್ದರೂ ಪ್ರಾರ್ಥಿಸಿ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರ ಗಾಯ ತೊಳೆದವನು ಅಲ್ಲಿನ ಅಧಿಕಾರಿಯೇ. ಕೈದಿಯ ಜೊತೆ ರಾತ್ರಿಯಿಡೀ ಸ್ಟೂಲಿನ ಮೇಲೆ ಕೂತು, ಯಾರೂ ಕಾಣದಾಗ ತನ್ನ ಟಿಫಿನ್ ಡಬ್ಬಿಯ ಇಡ್ಲಿ ಕೊಟ್ಟ ಕಾನ್‌ಸ್ಟೆಬಲ್‌ಗಳನ್ನು ನಾನೇ ನೋಡಿದ್ದೇನೆ.

ಬಿಡುಗಡೆ ಕೇಳಬಾರದೇ ಎಂದು ಹೊಸಬರು ಕೇಳುತ್ತಾರೆ. ಕೇಳಬೇಕು, ಧೈರ್ಯವಾಗಿ ಕೇಳಬೇಕು. ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯದಲ್ಲಿ ಪೇತ್ರನಿಗಾಗಿ ಸಭೆ ಎಡೆಬಿಡದೆ ಬೇಡಿಕೊಂಡಿತು, ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡಗಳ ಕಾವಲನ್ನು ದಾಟಿ ಅವನು ಹೊರಬಂದ. ನನಗೆ ಅದರಲ್ಲಿ ಹೆಚ್ಚು ಇಷ್ಟವಾಗುವುದು ಬಾಗಿಲು ತೆರೆಯುವ ಮುಂಚಿನ ಮಾತು. ಬೆಳಗಾದರೆ ವಿಚಾರಣೆ, ಎರಡು ಸರಪಳಿ, ಅಕ್ಕಪಕ್ಕ ಸಿಪಾಯಿಗಳು, ಪೇತ್ರ ನಿದ್ದೆಯಲ್ಲಿದ್ದಾನೆ. ದೇವದೂತ ಪಕ್ಕೆ ತಟ್ಟಿ ಎಬ್ಬಿಸಬೇಕಾಯಿತು. ರಾತ್ರಿ ಪಾಳಿ ಮಾಡಿದ ನನಗೆ ಅಂಥ ನಿದ್ದೆಯ ಬೆಲೆ ಗೊತ್ತು. ಅದಕ್ಕೇ ನಮ್ಮ ಕೂಟದಲ್ಲಿ ಬಿಡುಗಡೆಯ ಜೊತೆ ನಿದ್ದೆಯನ್ನೂ ಕೇಳುತ್ತೇವೆ. ಅದೇ ಅಧ್ಯಾಯದ ಆರಂಭದಲ್ಲಿ ಇನ್ನೊಬ್ಬ ಅಪೊಸ್ತಲ ಯಾಕೋಬ ಕತ್ತಿಗೆ ಬಲಿಯಾದ. ಒಬ್ಬ ಹೊರಬಂದು ಒಬ್ಬ ಸತ್ತದ್ದೇಕೆ ಎಂದು ಆ ಪುಸ್ತಕ ಬರೆದ ಲೂಕನು ಹೇಳಿಲ್ಲ, ನಾವೂ ಊಹಿಸಿ ಹೇಳುವುದು ಬೇಡ. ಎರಿಟ್ರಿಯಾದ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥ ಅಬುನೆ ಅಂತೋನಿಯೊಸ್ ಅವರನ್ನು ಸರ್ಕಾರ ಪದವಿಯಿಂದ ಇಳಿಸಿ ವರ್ಷಗಟ್ಟಲೆ ಬಂಧನದಲ್ಲಿಟ್ಟಿತು, 2022ರಲ್ಲಿ ಅವರು ಹಾಗೇ ತೀರಿಕೊಂಡರು. ಅವರಿಗಾಗಿ ಜನ ಮಾಡಿದ ಪ್ರಾರ್ಥನೆ ವ್ಯರ್ಥವಾಯಿತು ಎಂದು ನಾನು ಒಪ್ಪುವುದಿಲ್ಲ. ಪೌಲ ಎಫೆಸದವರನ್ನು ಕೇಳಿಕೊಂಡದ್ದು ಏನು ನೋಡಿ: ಸರಪಳಿ ಬಿಚ್ಚಲಿ ಎಂದಲ್ಲ, ಬಾಯಿ ತೆರೆದಾಗ ಮಾತು ಸಿಗಲಿ, ಧೈರ್ಯ ಸಿಗಲಿ ಎಂದು. ಕೈದಿಯೇ ಕೇಳಿಕೊಂಡದ್ದು ತಿಳಿದಿದ್ದರೆ ಅದನ್ನೇ ಮೊದಲು ಕೇಳಿ, ನಮ್ಮ ಆಸೆ ಆಮೇಲೆ.

ಹೊತ್ತು ಗೊತ್ತುಮಾಡಿಕೊಂಡರೆ ಮನಸ್ಸು ನಿಲ್ಲುತ್ತದೆ. ಹಾಸನದಲ್ಲಿ ಬೆಳಿಗ್ಗೆ ಆರು ಗಂಟೆ ಎಂದರೆ ಚೆಂಗ್ಡುವಿನಲ್ಲಿ ಎಂಟೂವರೆ, ಎರಿಟ್ರಿಯಾದ ರಾಜಧಾನಿ ಅಸ್ಮಾರಾದಲ್ಲಿ ಇನ್ನೂ ಮೂರೂವರೆ. ನಾನು ಒಲೆ ಹಚ್ಚಿ ನೀರಿಡುವಾಗ ಅಲ್ಲಿ ಕತ್ತಲು, ಚಳಿ. ಆಗ ಚಳಿಯ ಪ್ರಾರ್ಥನೆ. ಮಧ್ಯಾಹ್ನ ಮುದ್ದೆ ಇಳಿಸುವ ಹೊತ್ತಿಗೆ ಅಲ್ಲಿ ಇನ್ನೂ ಬೆಳಗಿನ ಹೊತ್ತು, ಆಗ ಹೊಟ್ಟೆಯ ಪ್ರಾರ್ಥನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಕೂಟಕ್ಕೆ ಯಾರೂ ಬರಲಾಗದಿದ್ದರೂ ಈ ಹೊತ್ತಿನ ಪ್ರಾರ್ಥನೆ ತಪ್ಪುವುದಿಲ್ಲ. ಕೂಟದಲ್ಲಾದರೆ ಒಬ್ಬೊಬ್ಬರಿಗೆ ಒಂದೊಂದು ಹಂಚಿಬಿಡಿ: ಒಬ್ಬರು ಮೈಗೆ, ಒಬ್ಬರು ಮನೆಯವರಿಗೆ, ಒಬ್ಬರು ಕಾವಲುಗಾರರಿಗೆ. ಮಕ್ಕಳು ಬಂದಿದ್ದರೆ ಕೈದಿಯ ಮಕ್ಕಳಿಗಾಗಿ ಅವರೇ ಪ್ರಾರ್ಥಿಸಲಿ. ನವೆಂಬರ್ ತಿಂಗಳ ಮೊದಲ ಅಥವಾ ಎರಡನೇ ಭಾನುವಾರ ಜಗತ್ತಿನ ಬಹಳಷ್ಟು ಸಭೆಗಳು ಹಿಂಸೆಗೊಳಗಾದ ಕ್ರೈಸ್ತರಿಗಾಗಿ ಪ್ರಾರ್ಥಿಸುತ್ತವೆ. ಆ ದಿನ ಆರಾಧನೆಯಲ್ಲಿ ಹತ್ತು ನಿಮಿಷ ಕೊಡಿ ಎಂದು ಅಯ್ಯನವರನ್ನು ಮೊದಲೇ ಕೇಳಿಕೊಳ್ಳಿ.

ನಮ್ಮ ದೇಶದವರನ್ನು ಬಿಡಬೇಡಿ. 2025ರ ಜುಲೈ 25ರಂದು ಛತ್ತೀಸ್‌ಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳ ಮೂಲದ ಇಬ್ಬರು ಕನ್ಯಾಸ್ತ್ರೀಯರನ್ನೂ ಜೊತೆಗಿದ್ದ ಯುವಕನನ್ನೂ ಮಾನವ ಸಾಗಣೆ ಮತ್ತು ಮತಾಂತರದ ಆರೋಪದ ಮೇಲೆ ಹಿಡಿದರು. ಆಗಸ್ಟ್ 2ರಂದು ಜಾಮೀನು ಸಿಕ್ಕಿತು. ಅವರ ಪರ ಸಂಸದರು, ಬಿಷಪ್ಪರು ದನಿಯೆತ್ತಿದರು. ಅಷ್ಟು ದೊಡ್ಡವರ ಗುರುತಿಲ್ಲದ ಹಳ್ಳಿಯ ಪಾಸ್ಟರಿಗೆ ಹಾಗಾಗುವುದಿಲ್ಲ. ಭಾರತದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತೀರ್ಪಾಗದ ವಿಚಾರಣಾಧೀನ ಕೈದಿಗಳು. ಜಾಮೀನು ಮಂಜೂರಾದರೂ ಪಹಣಿ ಹಿಡಿದು ಬಂದು ಸಹಿ ಹಾಕುವ ಜಾಮೀನುದಾರ ಸಿಗದೆ ಒಳಗೇ ಉಳಿಯುವವರನ್ನು ನಾನು ವಾರ್ಡಿನಲ್ಲೇ ಕಂಡಿದ್ದೇನೆ. ಆದ್ದರಿಂದ ಜಾಮೀನುದಾರ ಸಿಗಲಿ, ವಕೀಲರ ಫೀಸಿಗೆ ದುಡ್ಡು ಹೊಂದಲಿ, ಮನೆಯವರು ಕೋರ್ಟಿಗೆ ಅಲೆಯುವ ದಿನ ಕೂಲಿ ತಪ್ಪದಿರಲಿ ಎಂದು ಕೇಳಿ. ಕೇಳಿದ ಮೇಲೆ ನಿಮ್ಮ ಕೈಲಾದದ್ದನ್ನು ನೀವೇ ಮಾಡಿ. ಒಂದು ಚೀಲ ಅಕ್ಕಿ, ಮಕ್ಕಳ ಶಾಲೆ ಫೀಸು, ಬಸ್ ಚಾರ್ಜು. ರೋಮ್‌ನಲ್ಲಿ ಒನೇಸಿಫೊರ ಎಂಬ ಗೆಳೆಯ ಪೌಲನ ಬೇಡಿಗಳಿಗೆ ನಾಚದೆ ಅವನನ್ನು ಹುಡುಕಿಕೊಂಡು ಹೋದ.

ಹೊರದೇಶದ ಕೈದಿಗೆ ಕಾಗದ ಬರೆಯಬಹುದು, ಅವರ ಮನೆಯವರು ಅಥವಾ ಸಭೆಯವರು ಬರೆಯಿರಿ ಎಂದು ಹೇಳಿದ್ದರೆ ಮಾತ್ರ. ನಾಲ್ಕು ಸಾಲು ಸಾಕು. ಆ ದೇಶದ ಸರ್ಕಾರವನ್ನು ಟೀಕಿಸಬೇಡಿ, ದುಡ್ಡು ಇಡಬೇಡಿ, ಬೇರೆ ಯಾರ ಹೆಸರನ್ನೂ ಬರೆಯಬೇಡಿ.

ಬಿಡುಗಡೆಯ ಸುದ್ದಿ ಬಂದಾಗ ಸ್ತೋತ್ರ ಹೇಳಿ, ಆದರೆ ಹೆಸರನ್ನು ಪಟ್ಟಿಯಿಂದ ತೆಗೆಯಬೇಡಿ. ಆಸಿಯಾ ಬೀಬಿ ನಿರ್ದೋಷಿ ಎಂದಾದ ಮೇಲೂ ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡೇ ಇರಬೇಕಾಯಿತು, 2019ರ ಮೇ ತಿಂಗಳಲ್ಲಿ ಕೆನಡಾ ಸೇರಿದರು. ಹೆಲೆನ್ ಡೆನ್ಮಾರ್ಕಿನಲ್ಲಿ ಆಶ್ರಯ ಪಡೆದರು. ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಚಳಿ, ತಾಯಿಯಿಲ್ಲದೆ ಬೆಳೆದ ಮಕ್ಕಳು, ರಾತ್ರಿ ಬಾಗಿಲ ಸದ್ದಿಗೆ ಬೆಚ್ಚುವ ಮನಸ್ಸು. ಇನ್ನೂ ಒಂದು ವರ್ಷವಾದರೂ ಇವುಗಳಿಗಾಗಿ ಕೇಳಿ. ಆ ಬಳಿಕ ಇನ್ನೊಬ್ಬರನ್ನು ತೆಗೆದುಕೊಳ್ಳಿ. ಯಾರಿಂದ ಶುರುಮಾಡಬೇಕೆಂದು ತೋಚದಿದ್ದರೆ, 2004ರ ಮೇ ತಿಂಗಳಲ್ಲಿ ಎರಿಟ್ರಿಯಾದಲ್ಲಿ ಹಿಡಿದು ವಿಚಾರಣೆಯೇ ಇಲ್ಲದೆ ಒಳಗಿಟ್ಟ ಇಬ್ಬರು ಪಾಸ್ಟರುಗಳಿದ್ದಾರೆ: ಹೈಲೆ ನಾಯ್ಜ್ಗಿ, ಕಿಫ್ಲು ಗೆಬ್ರೆಮೆಸ್ಕೆಲ್. ಈ ಬುಧವಾರ ಅವರ ಹೆಸರಿನಿಂದಲೇ ಶುರುಮಾಡಿ.